ಇಪ್ಪತ್ತು ನಿಮಿಷ

ನಾನು ಫ್ಲಾಸ್ಕಿನ ಮುಚ್ಚಳ ತಿರುವುವಾಗ
ಅಲ್ಲಿ ಚಿಲಿಯ ಕಡಲ ದಂಡೆ ಕುಸಿದಿತ್ತು.
ನನಗೆ ಗೊತ್ತಿಲ್ಲ.
ಗೌರಿಬಿದನೂರಿನಾಚೆ ಬಂಡೆಗಳ ನಡುವೆ
ಗುಂಡಿ ತೋಡಿ ಇಳಿಸಿದ ಕಿವಿಗಳಿಗೂ
ಇನ್ನೂ ಗೊತ್ತಿಲ್ಲ.
ಒಂದು ಗುಟುಕು ಕುಡಿದೆ. ಸಕ್ಕರೆ ಕಮ್ಮಿ.
ಕಾಗದದ ಉರುಳೆ ತನ್ನಷ್ಟಕ್ಕೆ ಸುತ್ತುತ್ತಿತ್ತು,
ಮುಳ್ಳು ಗೆರೆ ಎಳೆಯುತ್ತಿತ್ತು
ಗೂಡಿನಿಂದ ರೇಷ್ಮೆ ಬಿಚ್ಚುವ ಹಾಗೆ.

ಆ ಹೊತ್ತಿಗೆ ಹೊರಟಾಗಿತ್ತು.
ಒಂದಲ್ಲ, ಎರಡು.
ಒಂದು ದೂಡುತ್ತ ಬರುವುದು,
ಸಂತೆ ದಿನದ ಬಸ್ಸಿನಲ್ಲಿ ಹಿಂದಿನವನು ಮುಂದಿನವನ ಬೆನ್ನಿಗೆ ಬಿದ್ದು
ಅವನು ತನ್ನ ಮುಂದಿನವನಿಗೆ ಬಿದ್ದಂತೆ.
ಇನ್ನೊಂದು ಅಡ್ಡಡ್ಡ ಅಲುಗುತ್ತ,
ಹಗ್ಗದ ತುದಿ ಹಿಡಿದು ಹುಡುಗರು ಒದರಿದಂತೆ.
ಹಲ್ದಾರ್ ಸಾಹೇಬರು ಹೇಳಿಕೊಟ್ಟದ್ದು
ಅವರ ಹರಕು ಮುರುಕು ಕನ್ನಡದಲ್ಲಿ:
"ಪಿಳ್ಳಪ್ಪಾ, ನೀರಿಗೆ ಬೆನ್ನು ಇಲ್ಲ.
ದೂಡು, ದಾರಿ ಕೊಡ್ತದೆ.
ಅಡ್ಡ ಎಳಿ, ನೀರು ಕೇಳಲ್ಲ."

ಎರಡು ಸಾವಿರದ ಒಂಬೈನೂರು ಕಿಲೋಮೀಟರು ಕೆಳಗೆ
ಕಲ್ಲು ಮುಗಿದು ಕಬ್ಬಿಣ ಶುರುವಾಗುವಲ್ಲಿ
ಅಡ್ಡಲೆ ನಿಂತುಬಿಟ್ಟಿತು.
ಅಲ್ಲಿ ಕಬ್ಬಿಣವೇ ನೀರು.
ನಾನು ಕಂಡ ನೀರೆಂದರೆ
ಬಾವಿಯ ತಳದ ಮೊಣಕಾಲುದ್ದ;
ಪಿನಾಕಿನಿ ವರ್ಷದ ಹತ್ತು ತಿಂಗಳು ಮರಳು.
ಅಂಥವನಿಗೆ ಹೇಳಿದರು,
ನಿನ್ನ ಕಾಲಡಿ ಒಂದು ಕಡಲಿದೆ, ಕುಡಿಯಲು ಬಾರದ್ದು,
ಸುಳಿಯುತ್ತಿರುತ್ತದೆ, ಮಗುಚುತ್ತಿರುತ್ತದೆ,
ಅದು ಸುಳಿಯುವುದರಿಂದಲೇ
ಮಗಳು ಶಾಲೆಯಿಂದ ತಂದ ದಿಕ್ಸೂಚಿ
ಮಂಚದಡಿ ಬಿದ್ದರೂ ಉತ್ತರ ಮರೆಯುವುದಿಲ್ಲ.

ಕಂಡವರಿಲ್ಲ.
ಬಾರದವರ ಲೆಕ್ಕದಿಂದ ಹಿಡಿದದ್ದು:
ಮದುವೆ ಪಂಕ್ತಿಯಲ್ಲಿ ಖಾಲಿ ಎಲೆ ಎಣಿಸಿ
ಯಾವ ಊರಿನ ಹಳ್ಳ ತುಂಬಿತು
ಎಂದು ಹೇಳುವ ಹಾಗೆ.

ಆ ಕಡಲಿನೊಳಗೆ ಮತ್ತೊಂದು ಗುಂಡು. ಗಟ್ಟಿ.
ಇಲ್ಲಿ ನಾನು ಜಗಳಕ್ಕೆ ನಿಂತೆ.
"ಸಾರ್, ಹೊರಗಿಗಿಂತ ಒಳಗೆ ಬಿಸಿ ಅಂತೀರಿ.
ಹೊರಗಿನದು ಕರಗಿ ಒಳಗಿನದು ಕರಗಲಿಲ್ಲ ಅಂದರೆ
ಇದು ಯಾವ ಊರ ನ್ಯಾಯ?"
ಅವರು ಕನ್ನಡಕ ಒರೆಸಿಕೊಂಡರು.
"ಕರಗಲಿಕ್ಕೂ ಜಾಗ ಬೇಕು, ಪಿಳ್ಳಪ್ಪಾ.
ಅದರ ಮೇಲೆ ಪೂರಾ ಭೂಮಿ ಕೂತಿದೆ."

ಅಕ್ಕ ಗಂಗುಲಮ್ಮ ನೆನಪಾದಳು.
ಭಾವ ಬಾಯ್ಲರಿನ ಬಳಿ ಸತ್ತ ದಿನ
ಎರಡಂಕಣದ ಮನೆ, ಹನ್ನೊಂದು ಜನ,
ಒಲೆಯ ಮುಂದೆ ಯಾರೋ, ಹಿತ್ತಿಲಲ್ಲಿ ಯಾರೋ.
ಅವಳ ಕಣ್ಣು ಒದ್ದೆಯಾಗಲಿಲ್ಲ.
ಕಲ್ಲೆದೆಯವಳು ಅಂದರು. ನಾನೂ ಅಂದೆ.
ಆರು ತಿಂಗಳ ಮೇಲೆ
ಎಲ್ಲರೂ ಚಿಂತಾಮಣಿಗೆ ನಾಮಕರಣಕ್ಕೆ ಹೋಗಿ,
ಬಸ್ಸು ತಪ್ಪಿ ನಾನೊಬ್ಬನೇ ವಾಪಸು ಬಂದಾಗ
ಮುಚ್ಚಿದ ಬಾಗಿಲ ಹೊರಗೆ ಕೇಳಿಸಿತು.
ಚಪ್ಪಲಿ ಬಿಡಲಿಲ್ಲ. ಹಾಗೇ ತಿರುಗಿ
ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ
ಕತ್ತಲಾಗುವವರೆಗೂ ಕೂತೆ.

ಮುಳ್ಳು ಹಾರಿತು.
ಕಡಲು ಹಾಯ್ದು, ಗುಂಡಿನ ನಡುವೆ ತೂರಿ,
ಮತ್ತೆ ಕಡಲು ಹಾಯ್ದು
ದೂಡುವ ಅಲೆಯೊಂದೇ ಬಂದು ಮುಟ್ಟಿತ್ತು,
ಎರಡು ಇಪ್ಪತ್ತೇಳಕ್ಕೆ,
ಸಣ್ಣಗೆ, ಪಕ್ಕದ ಮನೆಯಲ್ಲಿ ಕೆಮ್ಮಿದ ಹಾಗೆ.
ಎಲ್ಲಿ ಎಂದು ಗೊತ್ತಿಲ್ಲ, ದೂರ ಎಂದಷ್ಟೇ ಗೊತ್ತು.
ಅಷ್ಟು ಗೊತ್ತಾದವನೂ ತಾಲೂಕಿಗೆ ನಾನೊಬ್ಬನೇ.
ಅಲ್ಲಿ ಗೋಡೆ ಬಿದ್ದು ಇಪ್ಪತ್ತು ನಿಮಿಷ.
ಯಾರೋ ಯಾರನ್ನೋ ಹೆಸರು ಹಿಡಿದು ಕೂಗುತ್ತಿರಬೇಕು.
ಪುಸ್ತಕದಲ್ಲಿ ಹೊತ್ತು ಬರೆದೆ.
ಸಾಹೇಬರಿಗೆ ಫೋನು ಮಾಡಿದೆ.
ಟೀ ಆರಿತ್ತು.

ನಾಲ್ಕೂಕಾಲಿಗೆ ಇನ್ನೊಂದು ಗೆರೆ,
ಒರಟು, ತೀರಾ ಹತ್ತಿರದ್ದು.
ಟಾರ್ಚು ಹಿಡಿದು ಹೋದರೆ
ಏಳನೇ ಗುಂಡಿಯ ಮುಚ್ಚಳದ ಮೇಲೆ
ಅಶ್ವತ್ಥಪ್ಪನ ಹೋತ ನಿಂತಿತ್ತು.
ಅದನ್ನೂ ಬರೆದೆ:
ಹೋತ.